ಅಳಿಯನ ತಲೆ

ನಮ್ಮ ಅಳಿಯ ತಲೆಯಿಂದ ದುಡಿದು ತಿನ್ನುವವನು ಎಂದರೆ ಹುಬ್ಬಳ್ಳಿಯ ಬಳಗದವರು ಅವನನ್ನು ಪ್ರೊಫೆಸರ್ ಅಂದುಕೊಳ್ಳುತ್ತಿದ್ದರು. ನಾನೂ ತಿದ್ದಲು ಹೋಗಲಿಲ್ಲ. ಇಂಗ್ಲೆಂಡಿನ ಹುಡುಗ, ಬಿಳಿಯ, ಫುಟ್‌ಬಾಲ್ ಆಡುತ್ತಾನೆ ಎಂದು ಒಂದೊಂದಾಗಿ ಹೇಳಿ ಅವರ ಎದೆ ಒಡೆಯುವುದಕ್ಕಿಂತ ಅದೇ ವಾಸಿ ಅನಿಸಿತ್ತು. ನಿಜಕ್ಕೂ ಅವನ ದುಡಿಮೆ ತಲೆಯದೇ. ಗೋಲಿನ ಮುಂದೆ ನಿಂತು, ಎದುರು ತಂಡದವರು ಆಕಾಶಕ್ಕೆ ಒದ್ದ ಚೆಂಡನ್ನು ಎಲ್ಲರಿಗಿಂತ ಎತ್ತರಕ್ಕೆ ಹಾರಿ, ಹಣೆಯಿಂದ ಗುದ್ದಿ ಆಚೆ ಅಟ್ಟುವುದು ಅವನ ಕೆಲಸ. ಚಿಕ್ಕವನಿದ್ದಾಗಿನಿಂದ ಅದನ್ನೇ ಮಾಡಿಕೊಂಡು ಬಂದಿದ್ದ.

ಟೀವಿಯಲ್ಲಿ ಬರುವ ದೊಡ್ಡ ತಂಡಗಳವನಲ್ಲ. ಇಂಗ್ಲೆಂಡಿನಲ್ಲಿ ಅವನು ಆಡಿದ್ದು ಮೂರನೆಯ, ನಾಲ್ಕನೆಯ ದರ್ಜೆಯಲ್ಲಿ. ಮಳೆ, ಕೆಸರು, ಊರಿಂದೂರಿಗೆ ಬಸ್ಸು, ಒಂದೊಂದೇ ವರ್ಷದ ಕರಾರು. ಸೀಸನ್ ಮುಗಿಯಿತೆಂದರೆ ಮ್ಯಾನೇಜರ್ ಒಬ್ಬೊಬ್ಬರನ್ನೇ ಕೋಣೆಗೆ ಕರೆದು ಇರು, ಇಲ್ಲವೇ ನಡೆ ಎನ್ನುತ್ತಿದ್ದನಂತೆ. ಮೊದಲ ಸಲ ನಮ್ಮ ಮನೆಗೆ ಊಟಕ್ಕೆ ಬಂದಾಗ ಈ ಕತೆಯನ್ನೆಲ್ಲ ಹೇಳುತ್ತ, "ಆಮೇಲೆ ನಾನು ರಿಲೀಸ್ ಆದೆ" ಎಂದ. ನಮಗೆ ರಿಲೀಸ್ ಆಗುವುದೆಂದರೆ ಸಿನಿಮಾ, ಇಲ್ಲವೇ ಜೈಲಿನಲ್ಲಿದ್ದವರು. ಇವನು ಸಿನಿಮಾದವನಂತೂ ಅಲ್ಲ. ಮಗಳನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, "ಎಷ್ಟ ವರ್ಷ ಒಳಗಿದ್ದನಂತ?" ಎಂದು ಕೇಳಿದೆ. ಅವಳು ನಗಲಾರದೆ ನಕ್ಕು, ತಂಡದಿಂದ ಕೈಬಿಡುವುದಕ್ಕೆ ಹಾಗೆನ್ನುತ್ತಾರೆ ಎಂದು ಬಿಡಿಸಿ ಹೇಳಿದಳು. ತಂಡ ತಂಡಗಳೇ ರಿಲೀಸ್ ಮಾಡಿದ ಮೇಲೆ 2015ರಲ್ಲಿ ಟೊರಾಂಟೋಗೆ ಬಂದು, ಇಲ್ಲಿಯ ಒಂದು ಅರೆ ವೃತ್ತಿಪರ ತಂಡ ಸೇರಿದ್ದ. ಆಟದಲ್ಲಿ ಯಾರದೋ ಮೊಣಕೈ ತಗುಲಿ ಮುಂದಿನ ಹಲ್ಲು ಮುರಿದುಕೊಂಡು ನನ್ನ ಮಗಳು ಕೆಲಸ ಮಾಡುವ ಹಲ್ಲಿನ ಕ್ಲಿನಿಕ್ಕಿಗೆ ಹೋದ. ಹಲ್ಲು ಕಟ್ಟಿಸಿಕೊಳ್ಳಲು ಹೋದವನು ಮದುವೆ ಮಾಡಿಕೊಂಡು ಎದ್ದು ಬಂದ.

ಮದುವೆಯಾದ ಮೇಲೆ ಟೊರಾಂಟೋ ಪಕ್ಕದ ಬ್ರ್ಯಾಂಪ್ಟನ್ನಿನ ನಮ್ಮ ಮನೆಯ ಬೇಸ್‌ಮೆಂಟಿನಲ್ಲೇ ಇಬ್ಬರೂ ಉಳಿದರು. ನಮ್ಮನೆಯವರು ಲಾರಿ ತೆಗೆದುಕೊಂಡು ಹೋದರೆ ವಾರಗಟ್ಟಲೆ ಪತ್ತೆಯಿರುವುದಿಲ್ಲ. ನಾನು ಮಾಲ್ಟನ್ನಿನಲ್ಲಿ ವಿಮಾನಕ್ಕೆ ಊಟ ಕಟ್ಟುವ ಅಡುಗೆಮನೆಯಲ್ಲಿ ಶಿಫ್ಟು ಮಾಡುತ್ತಿದ್ದೆ. ಕನ್ನಡ ಬಳಗದ ಹೆಂಗಸರು "ಮನೀ ಅಳಿಯ ಏನಂತಾನ್ರಿ?" ಎಂದು ಚುಚ್ಚುತ್ತಿದ್ದರು. ಚುಚ್ಚಲಿ. ಜೋಳದ ರೊಟ್ಟಿಯನ್ನು ಬೆಣ್ಣೆ ಹಚ್ಚಿಕೊಂಡು ತಿನ್ನುವ, ನನ್ನನ್ನು "ಅತ್ತಿ" ಎಂದು ಕರೆಯುವ, ಹಿಮ ಬಿದ್ದರೆ ನಾನು ಏಳುವುದರೊಳಗೆ ಬಾಗಿಲ ಮುಂದಿನದನ್ನೆಲ್ಲ ಎತ್ತಿ ಹಾಕುವ ಅಳಿಯ ಅವರಲ್ಲಿ ಯಾರಿಗಿದ್ದ? ಅಳಿಯನನ್ನು ಬಹುವಚನದಲ್ಲಿ ಮಾತಾಡಿಸಬೇಕೆನ್ನುವ ಗೋಳೂ ನನಗಿರಲಿಲ್ಲ. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ, ಅಲ್ಲಿ ಯಾರಿಗಾದರೂ ಯೂ ಒಂದೇ. ನನಗೆ ಅವನ ಮೇಲೆ ಜೀವವಿತ್ತು. ಮುಂದಿನದನ್ನು ಓದುವಾಗ ಅದು ನೆನಪಿರಲಿ.

2018ರ ಬೇಸಿಗೆಯ ಹೊತ್ತಿಗೆ ಮಗಳು ಬಸುರಿ. ಅಳಿಯನ ಬಾಯಲ್ಲಿ ಮಾತ್ರ ಒಂದೇ ಜಪ: ಮುಂದಿನ ವರ್ಷ ಈ ದೇಶದಲ್ಲಿ ಹೊಸ ವೃತ್ತಿಪರ ಲೀಗು ಶುರುವಾಗುತ್ತದೆ, ಅದರಲ್ಲೊಂದು ಜಾಗ ಸಿಕ್ಕರೆ ಕೊನೆಯ ಎರಡು ವರ್ಷ ನಿಜವಾದ ಆಟಗಾರನಾಗಿ ಆಡಿ ಮುಗಿಸುತ್ತೇನೆ. ಮೂವತ್ತೆರಡು ದಾಟಿದವನಿಗೆ ಅದಾದ ಮೇಲೆ ಇನ್ನೇನೂ ಇರಲಿಲ್ಲ.

ಆಗಲೇ ಸಣ್ಣ ಸಣ್ಣವು ಕಾಣತೊಡಗಿದವು. ಬೇಸ್‌ಮೆಂಟಿನ ದೀಪ ಆರಿಸಿ ಕೂರುತ್ತಿದ್ದ. ಮೇಲೆ ಊಟಕ್ಕೆ ಬಂದರೆ ತಂಪು ಕನ್ನಡಕ. ನಾನು ಕುಕ್ಕರ್ ಇಟ್ಟರೆ, ಸೀಟಿ ಹೊಡೆಯುವ ಮೊದಲೇ ಎದ್ದು ಹೊರಗೆ ಹೋಗುತ್ತಿದ್ದ. ಸಾರಿಗೆ ಉಪ್ಪು ಹಾಕಿದಿಯಾ ಎಂದು ಕೇಳಿ, ಉತ್ತರ ಕೇಳಿಸಿಕೊಂಡು, ಮತ್ತೆ ಅದನ್ನೇ ಕೇಳುತ್ತಿದ್ದ. "ಅರವತ್ತಕ್ಕ ಅರಳುಮರಳು ಅಂತಾರ, ಇವಂಗ ಮೂವತ್ತೆರಡಕ್ಕ ಸುರು ಆತು" ಎಂದು ನಾನು ನಗೆಯಾಡಿದೆ. ಮಗಳು ಅದನ್ನು ಇಂಗ್ಲಿಷಿಗೆ ಮಾಡಿ ಹೇಳಿದಾಗ ಅವನೂ ನಕ್ಕ. ಏನಾಗಿದೆ ಎಂದರೆ ಒಂದೇ ಮಾತು, "ಜಸ್ಟ್ ಎ ನಾಕ್, ಅತ್ತಿ." ನಾಕ್ ಅಂದರೆ ಸಣ್ಣ ಪೆಟ್ಟು. ಕಾಲು ಉಳುಕಿದರೂ ನಾಕ್, ಹುಬ್ಬು ಒಡೆದರೂ ನಾಕ್.

ಒಂದು ಸಂಜೆ ಪ್ರಾಕ್ಟೀಸ್ ಮುಗಿಸಿ ಎಷ್ಟು ಹೊತ್ತಾದರೂ ಬರಲಿಲ್ಲ. ಆಮೇಲೆ ಬಂದವನು ತಮಾಷೆಯೆಂಬಂತೆ ಹೇಳಿದ. ಕಾರು ಸೀದಾ ಥಾರ್ನ್‌ಕ್ಲಿಫ್ ಪಾರ್ಕಿಗೆ ಹೋಗಿತ್ತಂತೆ. ಈ ದೇಶಕ್ಕೆ ಬಂದ ಹೊಸದರಲ್ಲಿ ತಂಡದ ಇನ್ನಿಬ್ಬರ ಜತೆ ಅಲ್ಲಿಯ ಅಪಾರ್ಟ್‌ಮೆಂಟಿನಲ್ಲಿದ್ದ. ಕೆಳಗಿನ ಬಾಗಿಲಿಗೆ ನಮ್ಮ ಮನೆಯ ಕೀಲಿ ಹಾಕಿ ತಿರುವುತ್ತ ನಿಂತಿದ್ದನಂತೆ, ಯಾರೋ ಮುದುಕರೊಬ್ಬರು "ಯಾರನ್ನ ಹುಡುಕುತ್ತಿದ್ದೀ, ಮಗಾ?" ಎಂದು ಕೇಳುವವರೆಗೆ. ಮಗಳು ನಗಲಿಲ್ಲ. ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಏಳನೆಯ ತಿಂಗಳಿಗೆ ಮಗಳಿಗೆ ಕುಬಸ, ಅಂದರೆ ಸೀಮಂತ, ಮಾಡಿದೆ. ಹಸಿರು ಸೀರೆ, ಹಸಿರು ಬಳೆ, ಹೂವಿನ ದಂಡೆ, ನೆರೆದ ಹೆಂಗಸರ ಹಾಡು, ಯಾವುದಕ್ಕೂ ಕಡಿಮೆಯಿರಲಿಲ್ಲ. ಅಳಿಯ ಪೇಟ ಸುತ್ತಿಸಿಕೊಂಡು ಅವಳ ಪಕ್ಕದಲ್ಲಿ ಕೂತಿದ್ದ. ಎಲ್ಲರೂ ಹೋದ ಮೇಲೆ ನಾನೂ ಅವನೂ ಅಡುಗೆಮನೆ ಚೊಕ್ಕ ಮಾಡುತ್ತಿದ್ದೆವು. ಬುಂದೆ ಉಂಡಿಯ ಡಬ್ಬಿ ಕೈಜಾರಿ ಬಿತ್ತು. ಹೆಕ್ಕಲು ಇಬ್ಬರೂ ಒಟ್ಟಿಗೇ ಬಗ್ಗಿದೆವು, ತಲೆಗೆ ತಲೆ ತಗುಲಿತು. ಜೋರಾಗೇನಲ್ಲ. ಒಂದು ಸಲ ತಲೆ ಡಿಕ್ಕಿ ಹೊಡೆದರೆ ಕೊಂಬು ಬರುತ್ತವೆ, ಬರಬಾರದೆಂದರೆ ಇನ್ನೊಂದು ಸಲ ಹೊಡೆಯಬೇಕು. ಇದು ನಮ್ಮಲ್ಲಿ ಹಸುಗೂಸಿಗೂ ಗೊತ್ತು. ಅವನಿಗೂ ಕಲಿಸಿದ್ದೆ. "ಹಾರ್ನ್ಸ್!" ಎಂದು ನಗುತ್ತ ಅವನ ಕಿವಿ ಹಿಡಿದು ನನ್ನ ಹಣೆಯನ್ನು ಅವನ ಹಣೆಗೆ ಮೆಲ್ಲಗೆ ಮುಟ್ಟಿಸಿದೆ. ಕೂಸಿಗೆ ಮಾಡಿದ ಹಾಗೆ, ಅಷ್ಟೇ.

ಅವನ ಮುಖ ಸುಣ್ಣದಂತೆ ಬೆಳ್ಳಗಾಯಿತು. ಕಟ್ಟೆ ಹಿಡಿದುಕೊಂಡ, ಹಿಡಿತ ತಪ್ಪಿತು, ಸಿಂಕಿಗೆ ಬಾಗಿ ಉಂಡದ್ದೆಲ್ಲ ಕಾರಿಕೊಂಡ. ಅಯ್ಯೋ ಶಿವನೇ! ಹೂವಿನಂಥ ಒಂದು ತಾಕು. ಇಷ್ಟಕ್ಕೇ ಹೀಗಾದರೆ ಆ ತಲೆಯೊಳಗೆ ಏನು ಉಳಿದಿದೆ?

ನೆಲದ ಮೇಲೆ ಕೂರಿಸಿ ನೀರು ಕೊಟ್ಟು, ಗದರಿಸಿ ಕೇಳಿದೆ. ಆಗ ಬಾಯಿ ಬಿಟ್ಟ. ಬೇಸಿಗೆಯಲ್ಲೇ ಎರಡು ಸಲ ದೊಡ್ಡ ಪೆಟ್ಟು ಬಿದ್ದಿತ್ತು. ಎಷ್ಟು ಜೋರೆಂದು ತಂಡದಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ. ಸೀಸನ್ನಿನ ಮೊದಲಿಗೆ ತಂಡದವರು ಕಂಪ್ಯೂಟರಿನ ಮುಂದೆ ಕೂರಿಸಿ ನೆನಪಿನ ಪರೀಕ್ಷೆ ಮಾಡುತ್ತಾರೆ. ತಲೆಗೆ ಪೆಟ್ಟಾದಾಗ ಅದೇ ಪರೀಕ್ಷೆ ಮತ್ತೆ, ಆಗ ಅಂಕ ಇಳಿದರೆ ಆಡಿಸುವುದಿಲ್ಲ. ಅದಕ್ಕೇ ಅವನು ಮೊದಲ ಪರೀಕ್ಷೆಯಲ್ಲೇ ಬೇಕೆಂತಲೇ ತಪ್ಪು ಉತ್ತರ ಕೊಟ್ಟಿದ್ದ. ದಡ್ಡನೆಂದು ಮೊದಲೇ ಬರೆಸಿಕೊಂಡವನು ಆಮೇಲೆ ಎಷ್ಟು ದಡ್ಡನಾದರೂ ಯಾರು ಕೇಳುತ್ತಾರೆ? ಇಂಗ್ಲೆಂಡಿನಲ್ಲಿ ಹಳಬರೊಬ್ಬರು ಕಲಿಸಿದ ಉಪಾಯವಂತೆ. ಹೇಳುವಾಗ ಅವನ ತುಟಿಯಲ್ಲಿ ಸಣ್ಣ ಹೆಮ್ಮೆ ಬೇರೆ.

"ತಲಿ ಗಟ್ಟಿ ಐತಿ ಅಂತ ಕಲ್ಲಿಗೆ ಹಾಯ್ತಾರೇನೋ ಹುಚ್ಚಪ್ಪಾ!" ಎಂದು ಕನ್ನಡದಲ್ಲೇ ಒದರಿದೆ. ಅವನಿಗೆ ಅರ್ಥವಾಗಲಿಲ್ಲ. "ಶನಿವಾರ ಒಂದೇ ಆಟ, ಅತ್ತಿ," ಎಂದು ನನ್ನ ಕೈ ಹಿಡಿದುಕೊಂಡ. ಹೊಸ ಲೀಗಿನ ಕೋಚ್ ಒಬ್ಬ ನೋಡಲು ಬರುತ್ತಾನೆ. ಆಮೇಲೆ ಡಾಕ್ಟರ ಹತ್ತಿರ ಹೋಗುತ್ತೇನೆ, ಆಣೆ. ಅವಳಿಗೆ ಮಾತ್ರ ಹೇಳಬೇಡ.

ನಾನು ಹೇಳದೆ ಬಿಡುವವಳೇ? ಬೆಳಿಗ್ಗೆಯೇ ಬೇಸ್‌ಮೆಂಟಿಗಿಳಿದು ಎಲ್ಲ ಹೇಳಿದೆ. ಮಗಳು ಹಾಸಿಗೆ ಸರಿಮಾಡುವುದನ್ನು ನಿಲ್ಲಿಸಲಿಲ್ಲ.

"ಐ ನೋ, ಅವ್ವಾ," ಎಂದಳು.

"ಏನ ಗೊತ್ತು?"

"ಎವ್ರಿಥಿಂಗ್."

ಎಲ್ಲ ಗೊತ್ತಿತ್ತು. ಅಷ್ಟೇ ಅಲ್ಲ, ಪೆಟ್ಟು ಬಿದ್ದವನನ್ನು ಅಂಚಿಗೆ ಕರೆದು ತಂಡದ ಫಿಸಿಯೋ ಕೇಳುವ ಪ್ರಶ್ನೆಗಳನ್ನು ಪ್ರತಿ ಶನಿವಾರ ಬೆಳಿಗ್ಗೆ ಇವಳೇ ಅವನಿಗೆ ಬಾಯಿಪಾಠ ಮಾಡಿಸುತ್ತಿದ್ದಳು. ಇದು ಯಾವ ಮೈದಾನ, ಎದುರಾಳಿ ಯಾರು, ಸ್ಕೋರು ಎಷ್ಟು, ಕಳೆದ ವಾರ ಗೆದ್ದಿರೋ ಸೋತಿರೋ. ಅವಳಿಗೆ ಹೇಳಬೇಡ ಎಂದು ಅವನು ಅಂದದ್ದು ಅವಳನ್ನು ಬಚಾವು ಮಾಡಲು. ನನಗೆ ಮೈಯೆಲ್ಲ ಉರಿಯಿತು. "ಹೊಟ್ಯಾಗ ಕೂಸ ಇಟಗೊಂಡು ಗಂಡನ್ನ ಬಾಂವ್ಯಾಗ ನೂಕ್ತೀ ಏನ?" ಎಂದು ಕೇಳಿಬಿಟ್ಟೆ. ಅವಳು ಅತ್ತಳು. ಈಗ ತಡೆದರೆ ಸಾಯುವ ತನಕ ನನ್ನಿಂದಾಗಿ ಬಿಟ್ಟೆ ಅಂತಾನೆ, ಒಂದೇ ಆಟ, ಅವ್ವಾ, ಪ್ಲೀಸ್ ಎಂದು ಇಂಗ್ಲಿಷಿನಲ್ಲಿ ಬಿಕ್ಕಿದಳು. ಇಬ್ಬರದೂ ಒಂದೇ ಮಾತು, ಒಂದೇ ಆಟ. ಆ ಮಾತು ಕೇಳಿದರೆ ನನಗೆ ಭಯವಾಗತೊಡಗಿತ್ತು.

ಶನಿವಾರ ನಾನೂ ಹೋದೆ. ಅಕ್ಟೋಬರಿನ ಚಳಿ, ಹಾಳು ಗಾಳಿ, ಮೋಡ ನೆಲಕ್ಕಿಳಿದಿತ್ತು. ಮೈದಾನದ ಸುತ್ತ ಕಬ್ಬಿಣದ ಕಂಬಿ, ಆಚೆ ಬದಿಗೆ ಸ್ಕೋರ್‌ಬೋರ್ಡು. ಜನ ಹೆಚ್ಚಿರಲಿಲ್ಲ. ಉದ್ದ ಕೋಟು ಹಾಕಿ, ಕೈಯಲ್ಲಿ ಕಾಫಿ ಹಿಡಿದು ಒಬ್ಬನೇ ನಿಂತವನೇ ಆ ಕೋಚ್ ಎಂದು ಮಗಳು ಕಣ್ಣಲ್ಲೇ ತೋರಿಸಿದಳು. ಚೆಂಡು ಮೇಲೆದ್ದಾಗಲೆಲ್ಲ ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಆ ಸದ್ದು ಮಾತ್ರ ಕಿವಿಗೆ ಬೀಳುತ್ತಿತ್ತು, ಬಾಗಿಲು ಹಾಕಿದಂಥ ಸದ್ದು. ಕಣ್ಣು ಬಿಟ್ಟರೆ ಅವನು ನಿಂತಿರುತ್ತಿದ್ದ. ನಿಜ ಹೇಳಬೇಕೆಂದರೆ ಅವತ್ತು ಅವನು ಚಂದ ಆಡಿದ. ಕೋಟಿನವನು ಕಾಫಿ ಕುಡಿಯುವುದನ್ನೇ ಮರೆತಿದ್ದ.

ಎರಡನೆಯ ಅರ್ಧದಲ್ಲಿ ಒಂದು ಚೆಂಡಿಗೆ ಅವನೂ ಎದುರಿನ ಹುಡುಗನೊಬ್ಬನೂ ಒಟ್ಟಿಗೆ ಹಾರಿದರು. ಈ ಸಲ ನಾನು ಕಣ್ಣು ಮುಚ್ಚಲಿಲ್ಲ. ತಲೆಗೆ ತಲೆ ಬಡಿಯಿತು. ಆ ಹುಡುಗ ತಲೆ ಹಿಡಿದುಕೊಂಡು ಒದ್ದಾಡಿದ, ಇವನು ಸುಮ್ಮನೆ ಮಲಗಿದ್ದ. ಆಮೇಲೆ ಎದ್ದ. ಮಗಳು ತಡೆಹಿಡಿದ ಉಸಿರು ಬಿಟ್ಟಳು.

ಫಿಸಿಯೋ ಅವನ ತೋಳು ಹಿಡಿದು ನಾವು ನಿಂತ ಕಡೆಯ ಅಂಚಿಗೇ ಕರೆತಂದಳು. ಯಾವ ಮೈದಾನ? ಹೇಳಿದ. ಯಾರ ವಿರುದ್ಧ? ಎದುರಿನವರ ಅಂಗಿ ನೋಡಿ ಹೇಳಿದ. ಸ್ಕೋರು? ಅವನ ಕಣ್ಣು ಬೋರ್ಡಿಗೆ ಹೋಗಿ ಬಂದದ್ದು ನನಗೆ ಕಂಡಿತು, ಬೆರಳಿನಿಂದ ಅವನ ಕಣ್ಣುರೆಪ್ಪೆ ಬಿಡಿಸುತ್ತಿದ್ದ ಆ ಹುಡುಗಿಗೆ ಕಾಣಲಿಲ್ಲ. ಕಳೆದ ವಾರ ಏನಾಯಿತು? "ಸೋತೆವು," ಎಂದ, "ನಾವು ಯಾವಾಗಲೂ ಸೋಲುವವರೇ ಅಲ್ಲವಾ?" ಅವಳೂ ನಕ್ಕಳು. ರೆಫರಿಯ ಕಡೆ ಕೈ ಎತ್ತಿ, ಒಳಗೆ ಬಿಡಬಹುದು ಎನ್ನುವಂತೆ ಹೆಬ್ಬೆರಳು ತೋರಿಸಿದಳು.

ಎಲ್ಲಿತ್ತೋ ಶಕ್ತಿ, ಕಂಬಿಯ ಕೆಳಗೆ ನುಸುಳಿ ಅವನ ಎದುರು ಹೋಗಿ ನಿಂತೆ. ಫಿಸಿಯೋ "ಮ್ಯಾಮ್, ಮ್ಯಾಮ್" ಎನ್ನುತ್ತಿದ್ದಳು. "ಇರವಾ, ನಂದೂ ಒಂದು ಪ್ರಶ್ನೆ ಐತಿ" ಎಂದೆ. ಆಮೇಲೆ ಅವನ ಎರಡೂ ಕೈ ಹಿಡಿದು, ನನಗೆ ಬರುವ ಇಂಗ್ಲಿಷಿನಲ್ಲಿ ಕೇಳಿದೆ. ನನ್ನ ಮಗಳಿಗೆ ಈಗ ಎಷ್ಟನೆಯ ತಿಂಗಳು?

ಅವನು ನನ್ನನ್ನು ನೋಡಿದ. ನನ್ನ ಹೆಗಲ ಮೇಲಿಂದ, ಕಂಬಿಯ ಹಿಂದೆ ಜಾಕೆಟ್ಟಿನ ಗುಂಡಿ ಹಾಕಲಾಗದೆ ನಿಂತಿದ್ದ ನನ್ನ ಮಗಳನ್ನು ನೋಡಿದ. ಅವಳ ಹೊಟ್ಟೆ ನೋಡಿದ. ನೋಡುತ್ತ ನೋಡುತ್ತ ಅವನ ಮುಖ ಅರಳಿತು. ಅಂಥ ಸಂತೋಷವನ್ನು ನಾನು ಆ ಮುಖದಲ್ಲಿ ಒಮ್ಮೆ ಮಾತ್ರ ಕಂಡಿದ್ದೆ, ಅವಳು ಮೊದಲ ಸಲ ಆ ಸುದ್ದಿ ಹೇಳಿದ ದಿನ.

"ಓ ಮೈ ಗಾಡ್," ಎಂದ ಅವಳಿಗೆ, ಕಣ್ಣಲ್ಲಿ ನೀರು ತುಂಬಿಕೊಂಡು. "ನೀನು ಇದನ್ನ ನನಗೆ ಯಾವಾಗ ಹೇಳಬೇಕು ಅಂತಿದ್ದೆ?"