ಓಬಕ್ಕನ ಕಿವಿ

ಕೊಳಾಲದ ಲಕ್ಷ್ಮೀಪತಿಯ ನೇರಳೆ ವೈನು ಬಾಟಲಿಗೆ ಇಳಿಯಬೇಕಾದರೆ ಓಬಕ್ಕನ ಅಪ್ಪಣೆ ಆಗಬೇಕಿತ್ತು. ಆ ಹೆಂಗಸು ಒಂದು ದಿನವೂ ಅದನ್ನು ನಾಲಿಗೆಗೆ ಸೋಕಿಸಿದವಳಲ್ಲ. ಆದರೆ ಡ್ರಮ್ಮಿಗೆ ಬಲಗಿವಿ ಆನಿಸಿ, ಕಣ್ಣು ಮುಚ್ಚಿ ನಿಂತಳೆಂದರೆ ಗುಳ್ಳೆಗಳ ಸದ್ದಿನಿಂದಲೇ ಒಳಗಿನ ರಸ ಇನ್ನೂ ಹುದುಗುತ್ತಿದೆಯೋ, ಹುದುಗಿ ಮುಗಿಸಿದೆಯೋ ಹೇಳಿಬಿಡುತ್ತಿದ್ದಳು.

ಅವಳು ಮೊದಲು ಬಂದದ್ದು ಹಣ್ಣು ತೊಳೆಯುವ ಕೂಲಿಗೆ. ಲಕ್ಷ್ಮೀಪತಿ ಗಾಜಿನ ಮೀಟರನ್ನು ರಸದಲ್ಲಿ ತೇಲಿಬಿಟ್ಟು ಸಕ್ಕರೆ ಎಷ್ಟು ಉಳಿದಿದೆ ಎಂದು ನೋಡುತ್ತಿದ್ದ. ಪಕ್ಕದ ಡ್ರಮ್ಮಿಗೆ ಒರಗಿದ್ದ ಓಬಕ್ಕ, "ಇದ್ಯಾಕೋ ಇನ್ನೂ ಗೊಣಗ್ತಾ ಐತೆ ಕಣಪ್ಪ, ಇವತ್ತೇ ತುಂಬಬ್ಯಾಡ" ಅಂದಳು. ಮೀಟರೂ ಅದನ್ನೇ ಹೇಳಿತು. ಅಲ್ಲಿಂದ ಐದು ವರ್ಷ ಅವಳ ಮಾತು ಸುಳ್ಳಾಗಲಿಲ್ಲ. ಸಿದ್ದರಬೆಟ್ಟ ಹತ್ತಿಳಿದು ವೈನು ಕೊಳ್ಳಲು ಬಂದವರಿಗೆಲ್ಲ ಲಕ್ಷ್ಮೀಪತಿಯ ಹೆಂಡತಿ ಶ್ರೀಲತಾ, "ಇವ್ರೇ ನಮ್ ಎಕ್ಸ್‌ಪರ್ಟು" ಎಂದು ಅವಳನ್ನು ತೋರಿಸಿ ನಗುವಳು. ಪ್ರಾಯವೆಲ್ಲ ಕಂಡವರ ಹೊಲದಲ್ಲಿ ಕಡಲೆಕಾಯಿ ಕಿತ್ತವಳನ್ನು, ನೀನೇನು ಹೇಳ್ತೀಯ ಎಂದು ಯಾರೂ ಕೇಳಿದ್ದಿಲ್ಲ. ಇಲ್ಲಿ ಕೇಳುತ್ತಿದ್ದರು. ಆ ರುಚಿ ವೈನಿಗಿಂತ ಕೆಟ್ಟದ್ದು, ಹತ್ತಿದರೆ ಬಿಡುವುದಿಲ್ಲ.

ಈ ವರ್ಷ ಯುಗಾದಿ ಕಳೆದದ್ದೇ ಕಿವಿ ಕೈಕೊಟ್ಟಿತು. ಮೊದಲು ಬಲದ್ದು, ಆಮೇಲೆ ಎಡದ್ದು. ಎದುರಿಗಿದ್ದವರ ತುಟಿ ನೋಡಿ ಉತ್ತರ ಕೊಡುವುದನ್ನು ಕಲಿತಳು. ತುಟಿ ಕಾಣದಿದ್ದರೆ ಸುಮ್ಮನೆ ನಕ್ಕುಬಿಡುವಳು. ಮೀಟರೂ ಅದೇ ಬೇಸಿಗೆಯಲ್ಲಿ ಒಡೆಯಿತು. ಇನ್ನೊಂದು ತರಿಸಿ ಎಂದು ಶ್ರೀಲತಾ ಹೇಳಿದ್ದಕ್ಕೆ ಲಕ್ಷ್ಮೀಪತಿ, "ಓಬಕ್ಕ ಇರೋವಾಗ ಅದ್ಯಾಕೆ ಬುಡು" ಅಂದಿದ್ದ. ಅವನ ತಪ್ಪೇನೂ ಕಡಿಮೆಯದಲ್ಲ.

ಆಷಾಢದಲ್ಲಿ ಹಿಂಡಿದ ರಸವನ್ನು ಶ್ರಾವಣದಲ್ಲಿ ನೋಡಬೇಕಾಯಿತು. ಓಬಕ್ಕ ಬಲಗಿವಿ ಇಟ್ಟಳು, ಎಡಗಿವಿ ಇಟ್ಟಳು. ಏನೂ ಇಲ್ಲ. ಸುಮ್ಮನಾಗಿರುವುದು ಡ್ರಮ್ಮೋ ತನ್ನ ಕಿವಿಯೋ ಅವಳಿಗೆ ನಿಜಕ್ಕೂ ಗೊತ್ತಾಗಲಿಲ್ಲ. ಕೇಳಿಸ್ತಿಲ್ಲ ಎಂಬ ಒಂದೇ ಮಾತು ನಾಲಿಗೆ ತುದಿಗೆ ಬಂದು ನಿಂತಿತ್ತು. ಗಂಡಹೆಂಡಿರಿಬ್ಬರೂ ಅವಳ ಮುಖವನ್ನೇ ನೋಡುತ್ತಿದ್ದರು.

"ತೆಪ್ಪಗಾಗೈತೆ. ತುಂಬ್ಕಳಿ" ಅಂದುಬಿಟ್ಟಳು.

ಇಪ್ಪತ್ತನೇ ದಿನ, ಲೇಬಲ್ ಅಂಟಿಸುತ್ತ ಕೂತಿದ್ದ ಶ್ರೀಲತಾಳ ಕೈಯಲ್ಲೇ ಬಾಟಲಿ ಸಿಡಿಯಿತು. ಬಿರಡೆಯ ಕೆಳಗೆ ವೈನು ಇನ್ನೂ ಹುದುಗುತ್ತ ಗ್ಯಾಸು ಕಟ್ಟುತ್ತಲೇ ಇತ್ತು. ಗಾಜಿನ ಚೂರು ಎಡಗಣ್ಣಿಗೆ ಹೊಕ್ಕಿತು. ತುಮಕೂರಿನ ಡಾಕ್ಟರು ಆ ಕಣ್ಣಿನ ಆಸೆ ಬಿಡಿ ಅಂದರು. ಲಕ್ಷ್ಮೀಪತಿ ಬಾಟಲಿ ಮಾಡಿದವರನ್ನು ಬೈದ, ತನ್ನನ್ನೇ ಬೈದುಕೊಂಡ, ಓಬಕ್ಕನಿಗೆ ಮಾತ್ರ ಒಂದು ಮಾತೂ ಅನ್ನಲಿಲ್ಲ. ಅವಳೂ ಬಾಯಿ ಬಿಡಲಿಲ್ಲ. ದಿನವೂ ಬಂದು ಉಳಿದ ಬಾಟಲಿಗಳ ಬಿರಡೆ ತೆಗೆದು ವೈನನ್ನು ಚರಂಡಿಗೆ ಸುರಿಯುತ್ತಿದ್ದಳು.

ಆಸ್ಪತ್ರೆಯಿಂದ ಬಂದ ಶ್ರೀಲತಾ ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಶೆಡ್ಡಿಗೆ ಬಂದಳು. ಬಾಗಿಲಿಂದ ಎಷ್ಟು ಸಲ ಕರೆದಳೋ, ಬೆನ್ನು ಮಾಡಿ ಕೂತಿದ್ದ ಓಬಕ್ಕನಿಗೆ ತಿಳಿಯದು. ಭುಜದ ಮೇಲೆ ಕೈ ಬಿದ್ದಾಗ ಬೆಚ್ಚಿ ತಿರುಗಿದಳು. ಶ್ರೀಲತಾ ಉಳಿದ ಒಂದೇ ಕಣ್ಣಿನಿಂದ ಅವಳನ್ನು ನೋಡಿದಳು.

"ಎಷ್ಟು ದಿನದಿಂದ ಕೇಳಿಸ್ತಿಲ್ಲ ಓಬಕ್ಕ?"

"ಉಗಾದಿಯಿಂದ ಕಣಮ್ಮ."

ಬೈಯಲಿ, ಹೊಡೆಯಲಿ, ಆಚೆ ದಬ್ಬಲಿ ಎಂದು ಓಬಕ್ಕ ಕಾದಳು. ಶ್ರೀಲತಾ ಒಂದೊಂದೇ ಮಾತನ್ನು ಬಿಡಿಸಿ, ತುಟಿಯಲ್ಲಿ ತಪ್ಪದೆ ತಿಳಿಯುವ ಹಾಗೆ ಕೇಳಿದಳು, "ಹೇಳಿದ್ರೆ ನಿನ್ನ ಕಳಿಸ್ಬುಡ್ತಿದ್ವಾ?"

ಕಳಿಸುತ್ತಿರಲಿಲ್ಲ; ನೀನೇನು ಹೇಳ್ತೀಯ ಎಂದು ಕೇಳುತ್ತಲೂ ಇರಲಿಲ್ಲ. ಅದು ಓಬಕ್ಕನಿಗೆ ಆವತ್ತೂ ಗೊತ್ತಿತ್ತು.