ಕರಿಯಮ್ಮನ ಓಟ ಮತ್ತು ನನ್ನ ಮೆಮೊರಿ ಕಾರ್ಡು

ಮೊನ್ನೆ ಚಿತ್ರದುರ್ಗದ ಅಂಗಡಿಯೊಂದರಲ್ಲಿ ಫೋನಿಗೆ ಮೆಮೊರಿ ಕಾರ್ಡು ಕೇಳಿದೆ. ಅಂಗಡಿಯಾಕೆ ತಲೆಯೆತ್ತದೆ, "ಸ್ಪೀಡ್ ಎಷ್ಟು ಬೇಕು ಅಂಕಲ್?" ಅಂದಳು. ಅಷ್ಟಕ್ಕೇ ನನಗೆ ಮೈ ಉರಿದುಹೋಯಿತು. ಆಕೆಯದೇನೂ ತಪ್ಪಿಲ್ಲ. ಇದೇ ಪ್ರಶ್ನೆಯನ್ನು ಇಪ್ಪತ್ತು ವರ್ಷದ ಹಿಂದೆ ಯಾರಾದರೂ ಒಬ್ಬರು ಕೇಳಿದ್ದರೆ, ನಾನು ಒಂದು ವರ್ಷ ಊರೂರು ಅಲೆಯುವುದು ತಪ್ಪುತ್ತಿತ್ತು. ಪುರುಸೊತ್ತಿದ್ದರೆ ಕೇಳಿ, ಹೇಳುತ್ತೇನೆ.

ಆಗ ನಾನು ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದಲ್ಲಿ ವಿಜ್ಞಾನದ ಮೇಷ್ಟರು. ರೀಲಿನ ಕ್ಯಾಮೆರಾ ಬಿಟ್ಟು ಹೊಸದಾಗಿ ಡಿಜಿಟಲ್ ಕ್ಯಾಮೆರಾ ಕೊಂಡಿದ್ದೆ. ಕೊಂಡ ಮೇಲೆ ಸುಮ್ಮನಿರಲಾದೀತೇ? ಶಾಲೆಯಲ್ಲಿ ಗಿಡ ನೆಟ್ಟರೂ ಫೋಟೋ, ಆ ಗಿಡ ಒಣಗಿದರೂ ಫೋಟೋ. ಆದರೆ ಒಂದು ಚಿತ್ರ ತೆಗೆದ ಕೂಡಲೇ ಕ್ಯಾಮೆರಾದ ಬೆನ್ನಿನಲ್ಲಿ ಕೆಂಪು ದೀಪ ಹತ್ತುತ್ತಿತ್ತು. ಚಿತ್ರವನ್ನು ಕಾರ್ಡಿಗೆ ಬರೆಯುತ್ತಿದ್ದೇನೆ, ತೊಂದರೆ ಕೊಡಬೇಡ ಎಂದು ಅದರ ಅರ್ಥ. ಅದು ಆರುವವರೆಗೆ ಗುಂಡಿ ಎಷ್ಟು ಒತ್ತಿದರೂ ಕಲ್ಲು ಒತ್ತಿದ ಹಾಗೆ. ಗ್ರೂಪ್ ಫೋಟೋಕ್ಕೆ ನಿಂತವರು ಎರಡನೆಯ ಚಿತ್ರದ ಹೊತ್ತಿಗೆ ನಗು ಮುಗಿಸಿ ಜಗಳ ಶುರುಮಾಡಿರುತ್ತಿದ್ದರು.

ಇದನ್ನೆಲ್ಲ ತಮಾಷೆ ಅಂದುಕೊಂಡಿದ್ದೆ, ಕರಿಯಮ್ಮನ ಓಟದವರೆಗೆ.

ಕರಿಯಮ್ಮ ಒಂಬತ್ತನೇ ಕ್ಲಾಸಿನ ಹುಡುಗಿ. ಅವರ ಮನೆಯಲ್ಲಿ ಕುರಿ ಸಾಕುತ್ತಿದ್ದರು. ಬೇರೆಯವರ ಹೊಲಕ್ಕೆ ನುಗ್ಗುವ ಕುರಿಗಳನ್ನು ಅಟ್ಟಿ ಅಟ್ಟಿಯೇ ಆಕೆ ಓಟ ಕಲಿತಿದ್ದಳು. ನಮ್ಮ ಡ್ರಿಲ್ ಮೇಷ್ಟ್ರು ತಿಪ್ಪೇಸ್ವಾಮಿ, "ಇವಳಿಗೆ ಓಡಾದು ಕಲಿಸೋದಲ್ಲ ಸಾರ್, ನಿಲ್ಲೋದು ಕಲಿಸ್ಬೇಕು" ಅನ್ನುತ್ತಿದ್ದರು.

ಚಿತ್ರದುರ್ಗದಲ್ಲಿ ಜಿಲ್ಲಾ ಕ್ರೀಡಾಕೂಟ. ನಾನೂರು ಮೀಟರ್ ಓಟದಲ್ಲಿ ಮೊದಲ ಇಬ್ಬರಿಗೆ ಮಾತ್ರ ವಿಭಾಗ ಮಟ್ಟಕ್ಕೆ ಅವಕಾಶ. ಗೆರೆಯ ಪಕ್ಕ ನಿಂತು ಕೊನೆಯ ಕ್ಷಣ ಹಿಡಿಯುವುದು ನನ್ನ ಕೆಲಸ. ಆದರೆ ಕೊನೆಯ ತಿರುವಿನಲ್ಲಿ ಕರಿಯಮ್ಮ ಜಡೆ ಹಾರಿಸಿಕೊಂಡು ಬರುತ್ತಿದ್ದ ಅಂದಕ್ಕೆ ನನ್ನ ಬೆರಳು ತಡೆಯಲಿಲ್ಲ. ಒತ್ತಿಬಿಟ್ಟೆ. ಕೆಂಪು ದೀಪ ಹತ್ತಿತು. ಅದು ಆರಿದಾಗ ನನ್ನೆದುರು ಬರೀ ಸುಣ್ಣದ ಗೆರೆ ಇತ್ತು.

ತೀರ್ಪುಗಾರರು ಕರಿಯಮ್ಮನನ್ನು ಮೂರನೆಯವಳು ಅಂದರು. ತಿಪ್ಪೇಸ್ವಾಮಿ ಜಗಳಕ್ಕೆ ನಿಂತರು. "ನಿಮ್ ಮೇಷ್ಟ್ರು ಅಲ್ಲೇ ಕ್ಯಾಮೆರಾ ಹಿಡ್ಕಂಡ್ ನಿಂತಿದ್ರಲ್ಲ, ಫೋಟೋ ತೋರಿಸ್ರಿ, ನೋಡಾಣ" ಅಂದರು ಹಿರಿಯ ತೀರ್ಪುಗಾರರು. ನಾನು ಏನು ತೋರಿಸಲಿ? ವಾಪಸು ಬಸ್ಸಿನಲ್ಲಿ ತಿಪ್ಪೇಸ್ವಾಮಿ ಕೇಳಿದ್ದು ಒಂದೇ ಮಾತು: "ಆ ತಿರುವಿನಾಗೆ ಯಾಕ್ ತೆಗದ್ರಿ ಸಾರ್?"

ಅಲ್ಲಿಂದ ಶುರುವಾಯಿತು ನನ್ನ ಪಾಡು. ಚಿತ್ರದುರ್ಗದ ಅಂಗಡಿಯವನು, "ಜಿಬಿ ಜಾಸ್ತಿ ಇದ್ರೆ ಸ್ಪೀಡೂ ಜಾಸ್ತಿ ಸಾರ್" ಅಂತ ಒಂದು ಜಿಬಿಯ ಕಾರ್ಡು ಕೊಟ್ಟ. ಅದು ಹಳೆಯದಕ್ಕಿಂತ ನಿಧಾನ. ಹಿರಿಯೂರಿನವನು, "ಎಲ್ಲಾ ಒಂದೇ ಕಡೆ ಮಾಡ್ತಾರೆ, ಸ್ಟಿಕ್ಕರ್ ಅಷ್ಟೇ ಬೇರೆ" ಎಂದು ವೇದಾಂತ ಹೇಳಿ ಇನ್ನೊಂದು ಕೊಟ್ಟ. ಅದನ್ನು ಹಾಕಿದರೆ ಕ್ಯಾಮೆರಾ ಕಣ್ಣೇ ತೆರೆಯಲಿಲ್ಲ. ವಾಪಸು ಕೊಡಲು ಹೋದರೆ, ಕ್ಯಾಮೆರಾನೇ ಸರಿ ಇಲ್ಲ ಅಂದ. ವಿಜ್ಞಾನದ ಮೇಷ್ಟರಾಗಿ ನಾನು ಪ್ರತಿ ಸಲವೂ ತಲೆಯಾಡಿಸಿ ಬಂದೆನಲ್ಲ, ಅದು ಈಗಲೂ ಚುಚ್ಚುತ್ತದೆ.

ಕೊನೆಗೆ ದಾರಿ ತೋರಿಸಿದವರು ಹೊಳಲ್ಕೆರೆಯಲ್ಲಿ ಮದುವೆ ಫೋಟೋ ತೆಗೆಯುತ್ತಿದ್ದ ಒಬ್ಬ ಸ್ಟುಡಿಯೋದವರು. "ಕುಂತ್ಕಳ್ರಿ ಮೇಷ್ಟ್ರೇ. ಒಳಗೆ ಎಷ್ಟು ಹಿಡಿಸ್ತೈತೆ ಅನ್ನೋದು ಬೇರೆ, ಎಷ್ಟು ಬೇಗ ನುಂಗ್ತೈತೆ ಅನ್ನೋದು ಬೇರೆ. ನಿಮಗೆ ಬೇಕಾಗಿರೋದು ಬೇಗ ನುಂಗೋದು" ಎಂದು ತಮ್ಮದೇ ಕಾರ್ಡೊಂದನ್ನು ಹಾಕಿ ಕೊಟ್ಟರು. ಗುಂಡಿ ಒತ್ತಿ ಹಿಡಿದೆ. ಕ್ಯಾಮೆರಾ ಟಕಟಕನೆ ಒಂದರ ಹಿಂದೊಂದು ಚಿತ್ರ ತೆಗೆಯಿತು. ಅಂಥದ್ದೇ ಒಂದು ಕೊಂಡೆ. ಇಷ್ಟು ಸಣ್ಣ ಮಾತು ತಿಳಿಯಲು ನನಗೆ ಒಂದು ವರ್ಷ ಹಿಡಿದಿತ್ತು.

ಮತ್ತೆ ಅದೇ ಮೈದಾನ, ಅದೇ ಓಟ. ಕರಿಯಮ್ಮನಿಗೆ ಹೈಸ್ಕೂಲಿನ ಕೊನೆಯ ಅವಕಾಶ. ಮೊದಲನೆಯವಳು ಎಲ್ಲರಿಗಿಂತ ಮುಂದೆ ಹೋಗಿಯಾಗಿತ್ತು. ಎರಡನೆಯ ಸ್ಥಾನಕ್ಕೆ ಕರಿಯಮ್ಮನೂ ಐಮಂಗಲದ ಕಡೆಯ ಇನ್ನೊಬ್ಬಳೂ ಭುಜಕ್ಕೆ ಭುಜ ಕೊಟ್ಟು ಗೆರೆ ದಾಟಿದರು. ತೀರ್ಪುಗಾರರು ಕರಿಯಮ್ಮನನ್ನೇ ಎರಡನೆಯವಳು ಅಂದರು. ತಿಪ್ಪೇಸ್ವಾಮಿ ಟೋಪಿ ತೆಗೆದು ಮೇಲಕ್ಕೆ ಎಸೆದರು. ಆ ಇನ್ನೊಬ್ಬಳು ಮಣ್ಣಿನಲ್ಲೇ ಕೂತು ಅಳುತ್ತಿದ್ದಳು.

ನಾನು ಗುಂಡಿ ಒತ್ತಿ ಹಿಡಿದು ತೆಗೆದಿದ್ದ ಚಿತ್ರಗಳನ್ನು ಹಿಂದಕ್ಕೆ ಸರಿಸಿ ನೋಡಿದೆ. ಐದನೆಯದರಲ್ಲಿ ಎಲ್ಲವೂ ಸ್ಪಷ್ಟವಾಗಿತ್ತು. ಐಮಂಗಲದ ಹುಡುಗಿಯ ಎದೆ ಗೆರೆಯ ಮೇಲಿತ್ತು. ಕರಿಯಮ್ಮ ಅರ್ಧ ಅಡಿ ಹಿಂದೆ ಇದ್ದಳು.

ತಿಪ್ಪೇಸ್ವಾಮಿ ಬಂದು ಬಗ್ಗಿ ನೋಡಿದರು. ಮುಖ ಸಣ್ಣದಾಯಿತು. "ಯಾರೂ ಕೇಳಿಲ್ಲ ಸಾರ್. ಜೇಬಿಗ್ ಹಾಕ್ಕಳ್ರಿ" ಎಂದು ಮೆಲ್ಲಗೆ ಹೇಳಿ ಹೋದರು. ಅಷ್ಟರಲ್ಲಿ ಕರಿಯಮ್ಮ ಏದುಸಿರು ಬಿಡುತ್ತ ಓಡಿ ಬಂದಳು.

"ಸಾರ್, ಫೋಟೋ ಬಂತಾ?"

"ಇನ್ನೂ ಬರೀತಾ ಐತಮ್ಮ, ತಡಿ" ಅಂದೆ.

ಇದನ್ನು ಮೊನ್ನೆಯವರೆಗೆ ಯಾರಿಗೂ ಹೇಳಿರಲಿಲ್ಲ. ಒಂದು ವರ್ಷ ಯಾವ ಕಾರ್ಡನ್ನು ಬೈದು ಅಲೆದೆನೋ ಅದರ ಹೆಸರಿನಲ್ಲೇ ಸುಳ್ಳು ಹೇಳಿದೆ. ಆಕೆ ಕ್ಯಾಮೆರಾ ಕಡೆ ನೋಡಿದಳು.

"ದೀಪ ಆರೈತಲ್ಲ ಸಾರ್."

ಕೊಟ್ಟೆ. ಎರಡು ಕೈಯಲ್ಲಿ ಹಿಡಿದು ತುಂಬ ಹೊತ್ತು ನೋಡಿದಳು. ಆಮೇಲೆ ನನ್ನನ್ನು ಏನೂ ಕೇಳದೆ ಕ್ಯಾಮೆರಾ ಸಮೇತ ತೀರ್ಪುಗಾರರ ಮೇಜಿನ ಕಡೆ ನಡೆದಳು. ಫಲಿತಾಂಶ ಬದಲಾಯಿತು. ಐಮಂಗಲದ ಹುಡುಗಿ ವಿಭಾಗ ಮಟ್ಟಕ್ಕೆ ಹೋದಳು. ಕರಿಯಮ್ಮ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಕೂತಿದ್ದಳು. ಶ್ರೀರಾಂಪುರದಲ್ಲಿ ಇಳಿಯುವಾಗ ಮಾತ್ರ, "ಆ ಫೋಟೋ ನಂಗೊಂದು ಕೊಡ್ರಿ ಸಾರ್. ನಾನು ಓಡಾದು ಹೆಂಗಿರ್ತೈತೆ ಅಂತ ನಾನೇ ನೋಡಿರ್ಲಿಲ್ಲ" ಅಂದಳು.

ತಿಪ್ಪೇಸ್ವಾಮಿ ನನ್ನೊಡನೆ ಮಾತು ಬಿಟ್ಟರು. ಆಮೇಲೆ ವರ್ಗವಾಗಿ ಬೇರೆ ಬೇರೆ ಊರು ಸೇರಿದೆವು. ಅವರ ಕೋಪ ಇಳಿಯಲೇ ಇಲ್ಲ ಅಂದುಕೊಂಡೆ.

ಮೊನ್ನೆ ಅಂಗಡಿಯಿಂದ ಮನೆಗೆ ಬಂದವನು ಅವರ ನಂಬರು ಹುಡುಕಿ ಫೋನ್ ಮಾಡಿದೆ. ಅವತ್ತು ಕರಿಯಮ್ಮನಿಗೆ ಸುಳ್ಳು ಹೇಳಿದ್ದನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದೆ.

"ನಿಮಗೂ ಫೋಟೋ ಮುಚ್ಚಿಡಾಣ ಅನ್ಸಿತ್ತಾ ಸಾರ್?" ಅಂದರು ತಿಪ್ಪೇಸ್ವಾಮಿ. "ಹಂಗ್ ಅನ್ಸಿದ್ದು ನನಗೊಬ್ಬನಿಗೇ ಅಂತ ನಾಚ್ಕಂಡು ಇಷ್ಟು ವರ್ಷ ನಿಮಗೆ ಮುಖ ತೋರಿಸ್ಲಿಲ್ಲ." ಆಮೇಲೆ, "ಭಾನುವಾರ ಮನೆ ಕಡೆ ಬರ್ರಿ" ಅಂದರು.

ಹೊರಟಿದ್ದೇನೆ.