ದೇವರ ಮುಂದೆ ಇಟ್ಟ ಬಂದೂಕು

ಸುಟ್ಟ ಮದ್ದಿನ ವಾಸನೆ ನಿಮಗೂ ಗೊತ್ತು. ದೀಪಾವಳಿಯ ಮರುದಿನ ಬೆಳಿಗ್ಗೆ ಓಣಿಯಲ್ಲಿ ಉಳಿದಿರುತ್ತದಲ್ಲ, ಅದೇ. ಹೋದ ಭಾನುವಾರ ರಾಯಚೂರಿನಿಂದ ದೇವದುರ್ಗಕ್ಕೆ ಹೋಗುವ ರಸ್ತೆಯ ಬದಿ, ಗುಡ್ಡದ ಬುಡದಲ್ಲಿರುವ ಬಂದೂಕು ಕ್ಲಬ್ಬಿನ ಬಯಲಲ್ಲಿ ಕಾರಿನಿಂದ ಇಳಿದೆ. ಆ ವಾಸನೆ ಮೂಗಿಗೆ ಬಡಿಯಿತು. ಮತ್ತೆ ಕಾರಿನೊಳಗೇ ಹೋಗಿ ಕೂತುಬಿಟ್ಟೆ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ನನ್ನ ಚಪ್ಪಲಿಯ ಸಪ್ಪಳಕ್ಕೇ ಒಂಬತ್ತನೇ ತರಗತಿ ಗಪ್‌ಚುಪ್ ಆಗುತ್ತದೆ ಎಂಬ ಹೆಸರು ಬೇರೆ ಇದೆ. ಅಂಥವಳು ಕಾರಿನ ಬಾಗಿಲು ಎಳೆದುಕೊಂಡು ಕೂತಿದ್ದೆ.

“ಅಮ್ಮ, ಇಳಿ. ಎಲ್ಲಾರೂ ನೋಡಾಕತ್ಯಾರ,” ಎಂದಳು ಮಗಳು ಸಹನಾ.

ಅವಳಿಗೆ ಹದಿನಾರು. ಎನ್‌ಸಿಸಿ ಕ್ಯಾಂಪಿನಲ್ಲಿ ಒಮ್ಮೆ ಗುರಿ ಇಟ್ಟು ಹೊಡೆದು ಬಂದಾಗಿನಿಂದ ಅದೇ ಗುಂಗು. ಕ್ಲಬ್ಬಿಗೆ ಸೇರಬೇಕೆಂದರೆ ತಾಯಿಯ ಸಹಿ ಬೇಕು. ಆ ಫಾರ್ಮು ಮೂರು ವಾರದಿಂದ ನನ್ನ ಚೀಲದಲ್ಲಿತ್ತು. ಪೆನ್ನು ಸಿಗಲಿಲ್ಲ, ಕನ್ನಡಕ ಸಿಗಲಿಲ್ಲ, ಪೇಪರು ತಿದ್ದುವುದಿದೆ ಎಂದು ನಾನು ಹೇಳಿದ ನೆಪಗಳನ್ನು ನನ್ನ ವಿದ್ಯಾರ್ಥಿಗಳು ಹೇಳಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಹಿಂದಿನ ಸೀಟಿನಲ್ಲಿ ಶರಣಮ್ಮತ್ತಿ ಇದ್ದಳು. ನನ್ನ ಸೋದರಮಾವನ ಹೆಂಡತಿ. ಚೀಕಲಪರ್ವಿಯವಳು, ಮೊಣಕಾಲು ತೋರಿಸಲು ನಮ್ಮ ಮನೆಗೆ ಬಂದಿದ್ದಳು. ಬೆಳಿಗ್ಗೆ ನಾವು ಹೊರಟಾಗ “ನಾನೂ ಬರ್ತೀನಿ” ಎಂದು ಚಪ್ಪಲಿ ಮೆಟ್ಟಿದಳು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಅತ್ತಿಯ ಎಡಗಣ್ಣು ಇಲ್ಲ. ಅದು ಹೇಗೆ ಹೋಯಿತೆಂದು ಸಹನಾಗೆ ನಮ್ಮಲ್ಲಿ ಯಾರೂ ಹೇಳಿರಲಿಲ್ಲ.

ಮಾವನ ಬಳಿ ಲೈಸೆನ್ಸಿದ್ದ ಒಂದು ನಳಿಗೆಯ ಬಂದೂಕಿತ್ತು. ಹೊಳೆದಂಡೆಯ ಭತ್ತಕ್ಕೆ ಕಾಡುಹಂದಿ ಬೀಳುತ್ತಿದ್ದವು, ಅದಕ್ಕೆ. ಅವನು ಒಂದು ಹಂದಿಯನ್ನಾದರೂ ಹೊಡೆದದ್ದು ನಾನು ನೋಡಿಲ್ಲ. ಆಕಾಶಕ್ಕೆ ಒಂದು ಗುಂಡು ಹಾರಿಸಿ, “ಹೋತು, ಹೋತು” ಎಂದು ತಾನೇ ಸಮಾಧಾನ ಮಾಡಿಕೊಂಡು ಬರುತ್ತಿದ್ದ ಮೆತ್ತನೆಯ ಮನುಷ್ಯ.

ಮಾನೌಮಿಯ ಆಯುಧಪೂಜೆಗೆ ಆ ಬಂದೂಕು ದೇವರ ಮುಂದೆ ಬರುತ್ತಿತ್ತು. ಕಂಬಳಿ ಹಾಸಿ ಕುಡುಗೋಲು, ಕೊಡಲಿ, ಕಳೆ ತೆಗೆಯುವ ಕುರ್ಚಿಗಿಗಳ ನಡುವೆ ಅದನ್ನು ಮಲಗಿಸಿ, ವಿಭೂತಿ ಬಳಿದು, ಚೆಂಡುಹೂ ಏರಿಸುತ್ತಿದ್ದರು. ನಮ್ಮ ಮನೆಗಳ ರೀತಿ ನಿಮಗೆ ತಿಳಿದೇ ಇದೆ. ಬರಿದಾದದ್ದನ್ನು ದೇವರ ಮುಂದೆ ಇಡುವುದಿಲ್ಲ. ಮೊರ ಇಟ್ಟರೆ ಹಿಡಿ ಜೋಳ ಬೇಕು, ಕೊಡ ಇಟ್ಟರೆ ನೀರು ಬೇಕು. ಪಕ್ಕದ ಮನೆಯವರ ಬೋಗುಣಿ ತಿರುಗಿ ಕೊಡುವಾಗಲೂ ಅದರಲ್ಲಿ ನಾಲ್ಕು ಕಾಳು ಸಕ್ಕರೆ ಹಾಕುತ್ತೇವೆ. ಮಾವ ಈ ರೀತಿಯನ್ನು ಬಂದೂಕಿಗೂ ಹಚ್ಚಿದ. “ಬರೇ ಬಂದೂಕ ದೇವರ ಮುಂದ ಹೆಂಗ ಇಡ್ಲಿ?” ಎಂದು ಅದರೊಳಗೆ ಒಂದು ತೋಟಾ ತುಂಬಿ ಇಡುತ್ತಿದ್ದ. ಮರುದಿನ ಪೂಜೆ ಕದಲಿಸಿದ ಕೂಡಲೇ ಅದನ್ನು ತೆಗೆಯುತ್ತಿದ್ದ.

ಆ ವರ್ಷ ನನಗೆ ಹನ್ನೊಂದು, ಹಬ್ಬಕ್ಕೆ ಮಾವನ ಮನೆಯಲ್ಲೇ ಇದ್ದೆ. ಪೂಜೆಯ ಸಂಜೆ ಮಾವ ನನ್ನ ಗಲ್ಲ ಹಿಡಿದು, “ಯವ್ವಾ, ನೀ ಶ್ಯಾಣ್ಯಾಕಿ. ನಾಳಿ ಬಂದೂಕ ಎತ್ತುಮುಂದ ತೋಟಾ ತಗಿ ಅಂತ ನೆನಪು ಮಾಡು” ಎಂದ. ಹೂಂ ಅಂದೆ. ಶ್ಯಾಣ್ಯಾಕಿ ಎಂದದ್ದಕ್ಕೆ ಉಬ್ಬಿಹೋಗಿದ್ದೆ. ಬೆಳಿಗ್ಗೆ ಎದ್ದವಳು ಹೊಸ ಲಂಗದ ಜರಿ ತೋರಿಸಲು ಮೂರು ಮನೆ ಸುತ್ತುತ್ತಿದ್ದೆ. ದಸರೆಯ ಬನ್ನಿ ಮುಡಿಯಲು ಹೋಗುವ ಮಂದಿ ಬೇಗ ಬಂದರಂತೆ. ಮಾವ ಗಡಿಬಿಡಿಯಲ್ಲಿ ಬಂದೂಕು ಎತ್ತಿ, ವಿಭೂತಿ ಒರೆಸುತ್ತ ಕೂತನಂತೆ. ಗುಂಡಿನ ಸಪ್ಪಳ ನನಗೆ ಮೂರನೇ ಮನೆಯ ಕಟ್ಟೆಯ ಮೇಲೆ ಕೇಳಿಸಿತು. ಓಡಿ ಬಂದಾಗ ಅಡಿಗೆಮನೆಯ ಬಾಗಿಲಲ್ಲಿ ಅತ್ತಿ ಕೂತಿದ್ದಳು. ಮುಖದ ಮೇಲೆ ಸೆರಗು ಒತ್ತಿಕೊಂಡಿದ್ದಳು, ಸೆರಗು ಕೆಂಪಾಗಿತ್ತು. ಮನೆಯ ತುಂಬ ಈ ವಾಸನೆ.

ಅತ್ತಿಯನ್ನು ಜೀಪಿನಲ್ಲಿ ರಾಯಚೂರಿಗೆ ಒಯ್ದರು. ತೋಟಾದೊಳಗಿನ ಒಂದು ಚಿಲ್ಲು ಹೊಕ್ಕಿದ್ದ ಎಡಗಣ್ಣು ಉಳಿಯಲಿಲ್ಲ. ಮಾವ ಬಂದೂಕನ್ನು ಠಾಣೆಗೆ ಒಪ್ಪಿಸಿ ಬಂದ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ನಾನೂ ಯಾರಿಗೂ ಏನೂ ಹೇಳಲಿಲ್ಲ.

ಇಷ್ಟನ್ನೆಲ್ಲ ಕಾರಿನಲ್ಲಿ ಕೂತು ನೆನೆಯುವಷ್ಟರಲ್ಲಿ ಅತ್ತಿ ತಾನೇ ಇಳಿದು ತಗಡಿನ ಶೆಡ್ಡಿನ ಕಡೆ ನಡೆದಿದ್ದಳು. ಹಿಂದೆ ಹೋಗದೆ ವಿಧಿಯಿರಲಿಲ್ಲ. ಎದುರಿಗೆ ಮಣ್ಣಿನ ಎತ್ತರದ ಒಡ್ಡು, ಅದಕ್ಕೆ ಕಾಗದದ ಗುರಿಗಳು. ಇಬ್ಬರು ಅಕ್ಕಿ ಗಿರಣಿಯವರು, ಒಬ್ಬ ದಂತವೈದ್ಯರು, ಹೊಲ ಕಾಯುವ ಲೈಸೆನ್ಸಿನ ನಾಲ್ಕೈದು ಮಂದಿ ರೈತರು. ಕಲಿಸುವವರು ಮಾನ್ವಿಯ ಕಡೆಯ ನಿವೃತ್ತ ಹವಾಲ್ದಾರರು. “ಬರ್ರಿ ಯವ್ವಾ, ನೆಳ್ಳಿಗೆ ಕೂಡ್ರಿ,” ಎಂದು ಅತ್ತಿಗೆ ಬೆಂಚು ತೋರಿಸಿದರು.

ಸೇರುವ ಮುನ್ನ ಕೈ ನೋಡಲೆಂದು ಹವಾಲ್ದಾರರು ಕೊಟ್ಟ ಐದು ಗುಂಡನ್ನು ಸಹನಾ ಹೊಡೆದಳು. ಪ್ರತಿ ಸಪ್ಪಳಕ್ಕೂ ನಾನು ಬೆಚ್ಚುತ್ತಿದ್ದೆ, ಅತ್ತಿ ಅಲುಗಲಿಲ್ಲ. ಆಮೇಲೆ ಸಹನಾ ರೈಫಲ್ಲಿನ ಹೊಟ್ಟೆ ತೆರೆದು, “ಖಾಲಿ, ಸರ್,” ಎಂದು ಕೂಗಿದಳು. ಹವಾಲ್ದಾರರು ಬಗ್ಗಿ ಒಳಗೆ ನೋಡಿದರು. ಬೆರಳು ಹಾಕಿ ಮುಟ್ಟಿದರು. “ಇಡು,” ಎಂದ ಮೇಲೆಯೇ ಅವಳು ಅದನ್ನು ಮೇಜಿನ ಮೇಲೆ ಇಟ್ಟಳು.

“ಆಕಿ ತೋಟಾ ತಗೆಯೋದು ಮರತ್ರ ನೆನಪು ಮಾಡೋರು ಯಾರ್ರೀ?” ಎಂದು ಕೇಳಿದೆ. ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿಸಿತು.

“ಯಾರೂ ಇಲ್ರಿ ಅಕ್ಕಾರ. ನೆನಪು ಮಾಡೋ ಕೆಲಸ ಇನ್ನೊಬ್ರಿಗೆ ಕೊಟ್ರ ಹಿಡದಾವ್ರು ಸಡಲ ಬೀಳ್ತಾರ. ಹಿಡದಾವ್ರೇ ತಗೀಬೇಕು, ತಗದು ತೋರಸಬೇಕು.”

ನಾನು ಅತ್ತಿಯ ಪಕ್ಕ ಹೋಗಿ ಕೂತೆ. ಇಷ್ಟು ವರ್ಷ ಬಾಯಿಗೆ ಬಾರದ ಮಾತು ಬಂದುಬಿಟ್ಟಿತು. “ಅತ್ತೀ, ಅವತ್ತು ತೋಟಾ ತಗಿ ಅಂತ ನೆನಪು ಮಾಡು ಅಂತ ಮಾವ ನನಗ ಹೇಳಿದ್ದ. ನಾ ಲಂಗ ತೋರಸಾಕ ಹೋಗಿದ್ದೆ.”

ಅತ್ತಿ ಪೂರಾ ತಿರುಗಿ ಬಲಗಣ್ಣಿನಿಂದ ನನ್ನನ್ನು ನೋಡಿದಳು. “ನಿನಗೂ ಹೇಳಿದ್ನೇನು?”

ನನಗೆ ಅರ್ಥವಾಗಲಿಲ್ಲ.

“ನನಗೂ ಹೇಳಿದ್ದ ಬೇ. ಚಾ ಸೋಸಾಕತ್ತಿದ್ದೆ. ಸೋಸಿ, ಒಯ್ದು ಕೊಟ್ಟು, ಆಮ್ಯಾಲ ಹೇಳಿದ್ರಾತು ಅಂತ ಹೊರಗ ಬಂದೆ.” ಮೊಣಕಾಲು ನೀವಿಕೊಂಡಳು. “ಅದಕ್ಕೇ ಅವಗ ಒಂದು ಮಾತೂ ಅನಲಿಲ್ಲ ನಾನು. ತಪ್ಪು ನಂದಿತ್ತು. ಅವ ನೋಡಿದ್ರ, ನಾನು ಭಾಳ ದೊಡ್ಡ ಮನಸಿನಾಕಿ ಅಂದ್ಕೊಂಡ. ಆ ಕಡಿ ನನಗ ಕಾಣಂಗಿಲ್ಲಂತ ಸಾಯೋತನಕ ನನ್ನ ಎಡಗಡಿ ಕೂಡಲಿಲ್ಲ. ನನ್ನ ಮುಂದ ದನಿ ಎತ್ತಲಿಲ್ಲ. ಹೇಳಿದ್ರ ಹಗುರಾಗ್ತಿದ್ದ. ಹೇಳಲಿಲ್ಲ ನಾನು.”

ಅವಳು ಅಳಲಿಲ್ಲ. ನಾನು ಅತ್ತೆ. ಗಿರಣಿಯವರು ಬೇರೆ ಕಡೆ ನೋಡಿದರು. ಒಂದೇ ಮನೆಯಲ್ಲಿ ಮೂವರು, ಒಬ್ಬೊಬ್ಬರೂ ಪೂರಾ ತಪ್ಪು ತಮ್ಮದೇ ಎಂದು ಬಾಯಿ ಮುಚ್ಚಿಕೊಂಡು ಬದುಕಿದ್ದೆವು. ಲೆಕ್ಕ ಕಲಿಸುವವಳಿಗೆ ಅದನ್ನು ಮೂರು ಪಾಲು ಮಾಡಬಹುದೆಂದು ಹೊಳೆದಿರಲಿಲ್ಲ.

ಫಾರ್ಮು ತೆಗೆದು ಸಹಿ ಹಾಕಿದೆ. ಸಹನಾಳನ್ನು ಕರೆದು ನಮ್ಮಿಬ್ಬರ ನಡುವೆ ಕೂರಿಸಿಕೊಂಡೆವು. ಆ ಬೆಳಗಿನ ಸಂಗತಿಯಲ್ಲಿ ನನ್ನ ತಪ್ಪನ್ನು ನಾನು ಹೇಳಿದೆ, ತನ್ನ ತಪ್ಪನ್ನು ಅತ್ತಿ ಹೇಳಿದಳು. ಮಾವನದನ್ನು ಹೇಳಲು ಮಾವ ಇರಲಿಲ್ಲ. ಅದನ್ನೂ ಅತ್ತಿಯೇ ಹೇಳಿದಳು, ಬಹಳ ಕಡಿಮೆ ಮಾಡಿ.